ಹನ್ನೆರಡು ಜಿಗಿತ, ಹದಿಮೂರು ಬಿಲ್ಲೆ

ಮನೆ,
ಹದಿನಾಲ್ಕನೇ ತಾರೀಕು, ಭಾನುವಾರ ಬೆಳಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಗೋದಾಮಿನಲ್ಲಿ ಮೂಟೆ ಹೊತ್ತು ಹೊತ್ತು ನಿನ್ನ ಸೊಂಟ ಹಿಡಿದುಕೊಂಡಿದೆ ಎಂದು ಅತ್ತಿಗೆ ಹೇಳಿದರು. ಬಿಸಿನೀರಿನ ಶಾಖ ಕೊಟ್ಟುಕೋ. ಅತ್ತಿಗೆ ಚೆನ್ನಾಗಿದ್ದಾರೆ. ನಿನ್ನ ಮಗಳು ಪುಟ್ಟಿಯ ಮುಂದಿನ ಹಲ್ಲು ಬಿದ್ದಿದೆ; ನಿನಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಾಳೆ. ನಾನೂ ಚೆನ್ನಾಗಿದ್ದೇನೆ. ಹಾಗೆಂದು ಬರೆದೆ, ಆದರೆ ಇದು ಮೂರನೇ ಹಾಳೆ. ಮೊದಲ ಎರಡನ್ನು ಹರಿದು ಒಲೆಗೆ ಹಾಕಿದೆ. ನಡುವೆ ಎದ್ದು ಎರಡು ಸಲ ಅಂಗಳ ಗುಡಿಸಿದೆ.

ನಿನ್ನ ಕರಣೆ, ರಸಮಟ್ಟ, ಟೈಲ್ಸ್ ಕತ್ತರಿಸುವ ಯಂತ್ರ ಎಲ್ಲವನ್ನೂ ಮಾರಿಬಿಡಿ ಎಂದು ಬರೆದಿದ್ದೀಯಲ್ಲ, ಕೊಳ್ಳುವವನು ಬರುವ ಭಾನುವಾರ ಬರುತ್ತಾನಂತೆ. ಅತ್ತಿಗೆ ಒರೆಸಿ ಗೋಡೆಯ ಪಕ್ಕ ಜೋಡಿಸಿಟ್ಟಿದ್ದಾರೆ. ಹಾದುಹೋದಾಗಲೆಲ್ಲ ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. ‘ಲೆಕ್ಕ ಬಾರದವನಿಗೆ ಈ ಕೆಲಸ ಬೇಡ’ ಎಂದು ನೀನು ಬರೆದ ಸಾಲನ್ನು ಅವರು ಓದಿ ಹೇಳಿದಾಗ ನಾನು ನೀರು ತರುವ ನೆಪದಲ್ಲಿ ಎದ್ದುಹೋದೆ.

ನಿನಗೆ ಲೆಕ್ಕ ಬರುವುದಿಲ್ಲ ಎಂದವರಾರು? ಆ ವಾಚನಾಲಯದ ಹಜಾರಕ್ಕೆ ಉದ್ದಕ್ಕೆ ಎಂಬತ್ತನಾಲ್ಕು, ಅಗಲಕ್ಕೆ ಮೂವತ್ತಾರು ಟೈಲ್ಸ್. ಬಾಗಿಲ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಒಂದು ಹಿತ್ತಾಳೆ ಪಟ್ಟಿ. ಅದು ಟೈಲ್ಸಿನ ಮೂಲೆಯ ಮೇಲೇ ಸರಿಯಾಗಿ ಹಾಯುವ ಕಡೆಯಲ್ಲೆಲ್ಲ ಒಂದೊಂದು ಹಿತ್ತಾಳೆ ಬಿಲ್ಲೆ, ಎರಡು ತುದಿಯೂ ಸೇರಿ. ಗುತ್ತಿಗೆದಾರರು ತಲೆ ಕೆರೆದುಕೊಳ್ಳುತ್ತಿದ್ದರೆ ನೀನು ಸೀಮೆಸುಣ್ಣ ಹಿಡಿದು ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತಾ ಹೋದೆ. ಎಂಬತ್ತನಾಲ್ಕರಲ್ಲಿ ಮೂವತ್ತಾರು ಹೋದರೆ ನಲವತ್ತೆಂಟು, ಮತ್ತೆ ಕಳೆದರೆ ಹನ್ನೆರಡು. ಮೂವತ್ತಾರರಲ್ಲಿ ಹನ್ನೆರಡನ್ನು ಎರಡು ಸಲ ಕಳೆದರೆ ಅಲ್ಲೂ ಹನ್ನೆರಡು. ‘ಹನ್ನೆರಡು ಬಿಲ್ಲೆ, ಎರಕ ಹೊಯ್ಯೋಕೆ ಹೇಳಿ’ ಅಂದೆ. ನೀನು ಕಳೆದದ್ದರಲ್ಲಿ ಏನೂ ತಪ್ಪಿಲ್ಲ ಅಣ್ಣಾ. ಪಟ್ಟಿ ಉದ್ದಕ್ಕೆ ಏಳು, ಅಗಲಕ್ಕೆ ಮೂರು ಟೈಲ್ಸ್ ಸರಿದಾಗಲೆಲ್ಲ ಒಂದು ಮೂಲೆ ಸಿಗುತ್ತದೆ. ಅಂಥ ಜಿಗಿತ ಹನ್ನೆರಡೇ. ಜಿಗಿಯುವ ಮುಂಚೆ ನಿಂತಿದ್ದ ಮೂಲೆ ಮಾತ್ರ ಬಿಟ್ಟುಹೋಯಿತು.

ಎದುರು ಮೂಲೆಯಿಂದ ಕೂರಿಸುತ್ತಾ ಬಂದೆವು, ಬಾಗಿಲಲ್ಲೇ ಗುಂಡಿ ಖಾಲಿ ಉಳಿಯಿತು. ಎರಕದವರು ಅಚ್ಚು ಒಡೆದಾಗಿತ್ತು. ‘ಮೇಸ್ತ್ರಿಗೆ ಹದಿಮೂರರ ತನಕ ಎಣಿಸೋಕೆ ಯಾರಾದ್ರೂ ಹೇಳ್ಕೊಡ್ರಪ್ಪಾ’ ಎಂದು ಗುತ್ತಿಗೆದಾರರು ಎಲ್ಲರೆದುರು ಅಂದರು. ಎಲ್ಲರಿಗಿಂತ ಜೋರಾಗಿ ನಗುವವನು ನೀನು. ಅಂದು ಕರಣೆ ತೊಳೆದಿಟ್ಟು, ತಲೆ ಎತ್ತದೆ ನಡೆದುಬಿಟ್ಟೆ.

ನೀನು ಲೆಕ್ಕ ಹೇಳಿದ ಮಾರನೇ ದಿನ ನಾನು ಸಿಮೆಂಟ್ ಕಲೆಸುತ್ತಿದ್ದ ಕೈಯಲ್ಲೇ ನಿನ್ನ ಹತ್ತಿರ ಬಂದು ನಿಂತದ್ದು ನೆನಪಿದೆಯಾ? ‘ಏನೇ ಇಲಿಮರಿ, ಬಾಯಲ್ಲಿ ಏನ್ ಇಟ್ಕೊಂಡಿದೀಯ?’ ಅಂದೆ ನೀನು. ಸುತ್ತಲಿದ್ದವರೆಲ್ಲ ನನ್ನನ್ನೇ ನೋಡಿದರು. ‘ಊಟಕ್ಕೆ ಬಾ’ ಅಂದೆ ನಾನು. ‘ಇನ್ನೂ ಹತ್ತು ಗಂಟೆ, ಇವಳಿಗೆ ಆಗ್ಲೇ ಹಸಿವು!’ ಎಂದು ನೀನು ನಕ್ಕೆ. ಇರಲಿ.

ಅತ್ತಿಗೆ ನಿನ್ನನ್ನು ಕೇಳಿದ್ದಾರೆ. ಪುಟ್ಟಿ ಮುತ್ತು ಕಳಿಸಿದ್ದಾಳೆ, ಹಲ್ಲು ಮಾತ್ರ ಕಳಿಸುವುದಿಲ್ಲವಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಇಲಿಮರಿ

ಇನ್ನೊಂದು ಮಾತು: ಅಂದು ಊಟಕ್ಕೆ ಕರೆಯಲು ಬಂದಿರಲಿಲ್ಲ. ಹಿಂದಿನ ಸಂಜೆ ಪುಟ್ಟಿಯ ಚೌಕದ ಪುಸ್ತಕದಿಂದ ನಾಲ್ಕು ಹಾಳೆ ಅಂಟಿಸಿ, ಪಟ್ಟಿಯ ಹಾಗೆ ಓರೆ ಗೆರೆ ಎಳೆದು ಮೂಲೆಗಳನ್ನು ಎಣಿಸಿದ್ದೆ. ಮೂರು ಸಲವೂ ಹದಿಮೂರು ಬಂತು. ಹಾಳೆ ಸೊಂಟದಲ್ಲೇ ಇತ್ತು, ಎಲ್ಲರೆದುರು ಹೇಳಲು ಬಾಯಿ ಬರಲಿಲ್ಲ. ಆಗ ಎರಕಕ್ಕೆ ಇನ್ನೂ ಹೇಳಿರಲಿಲ್ಲ. ಆ ಹಾಳೆ ಇದರೊಳಗಿದೆ. ಈಗತಾನೇ ಗುತ್ತಿಗೆದಾರರ ಮನೆಗೆ ಹೋಗಿ ಎಲ್ಲ ಹೇಳಿಬಂದೆ. ಕೊಳ್ಳುವವನಿಗೂ ಬರಬೇಡ ಅಂದೆ, ಅತ್ತಿಗೆಗೆ ಗೊತ್ತಿಲ್ಲ. ಬೈಯುವುದಿದ್ದರೆ ಕಾಗದದಲ್ಲಿ ಬೈಯಬೇಡ, ಬಂದು ಬೈಯಿ.