ನಗಣ್ಯವೆಂದು ಬರೆದ ಭಾರ

ಹೊನ್ನಾವರ, ಕಡಲೇರಿದ ನೂರ ಅರವತ್ತೊಂದನೆಯ ವರ್ಷ. ನಿಮ್ಮ ಎಣಿಕೆಯಲ್ಲಿ 2214.

ಶ್ರೀ ಗುರುಪಾದ ಹಂಚಿನಾಳ ಅವರಿಗೆ,

ನೀವು ತೀರಿಹೋಗಿ ನೂರು ವರ್ಷಗಳ ಮೇಲಾಗಿದೆ; ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಹಾಳೆಗಳಿಂದಲೇ. ನಾನು ಸುಗಂಧಿ ಮೇಸ್ತ, ಇಲ್ಲಿನ ಸಿಹಿಹಂಡೆಗಳನ್ನು ತಪಾಸಣೆ ಮಾಡುವವಳು. ಸಿಹಿಹಂಡೆಯೆಂದರೆ ಉಗಿಯ ಒತ್ತಡದಲ್ಲಿ ಕಡಲ ನೀರನ್ನು ಕುಡಿಯುವ ನೀರಾಗಿಸುವ ಉಕ್ಕಿನ ಪಾತ್ರೆ. ಬಾವಿಗಳೆಲ್ಲ ಉಪ್ಪಾದ ಮೇಲೆ ಊರು ಬದುಕಿರುವುದು ಇಂಥ ಹನ್ನೊಂದು ಹಂಡೆಗಳಿಂದ. ದಿನದ ಮೊದಲ ನೀರು ಬಾಣಂತಿಯರ ಮನೆಗೆ ಹೋಗುತ್ತದೆ. ಮಳೆಗಾಲದಲ್ಲಿ ಹಂಡೆಮನೆಯ ಬಿಸಿ ಗೋಡೆಗೆ ಜನ ಬಟ್ಟೆ ಒಣಗಿಸುತ್ತಾರೆ. ಹಂಡೆ ಸವೆದಾಗ ಹೊಸದು ಮಾಡುತ್ತೇವೆ. ಮೊದಲ ಹಂಡೆಯನ್ನು ರೂಪಿಸಿದಾಗ ನೀವು ಸಹಿ ಹಾಕಿದ ಲೆಕ್ಕದ ಹಾಳೆಯನ್ನು ಮಾತ್ರ ಐದು ತಲೆಮಾರಿನಿಂದ ಹಾಗೆಯೇ ನಕಲು ಮಾಡುತ್ತ ಬಂದಿದ್ದೇವೆ.

ನನಗೆ ಕೆಲಸ ಕಲಿಸಿದವರು ಬೀರಣ್ಣ ಅಂಬಿಗರು. “ಹಂಚಿನಾಳರ ಹಾಳೆ ನಂಬ್ಲಕ್ಕು ತಂಗಿ, ಅವ್ರು ಸುಳ್ಳು ಬರೆಯುವವ್ರಲ್ಲ” ಎನ್ನುತ್ತಿದ್ದರು. ಕಳೆದ ಮಾಘದಲ್ಲಿ ಮೂರನೆಯ ಹಂಡೆಯ ಚಪ್ಪಟೆ ಮುಚ್ಚಳದಲ್ಲಿ, ಉಗಿಯ ಕೊಳವೆ ಬಂದು ಸೇರುವ ಬೆಸುಗೆಯ ಸುತ್ತ, ಕೂದಲೆಳೆಯಂಥ ಗೆರೆ ಕಂಡೆ. ಕೊಳವೆ ಕಾದು ಹಿಗ್ಗಿದಾಗ ಮುಚ್ಚಳವನ್ನು ಅಲ್ಲಿ ಜಗ್ಗುತ್ತದೆಯೇ ಎಂದು ನಿಮ್ಮ ಹಾಳೆ ತೆರೆದು ನೋಡಿದೆ. “ಕೊಳವೆ ಮುಚ್ಚಳದ ಮೇಲೆ ಹೇರುವ ಭಾರ ನಗಣ್ಯ” ಎಂದಿತ್ತು. ಹಾಗಾದರೆ ಬಣ್ಣ ಬಿರಿದಿರಬೇಕು ಅಂದುಕೊಂಡೆ.

“ಉಗಿ ಬಿಡ್ಲಾ?” ಎಂದು ಬೀರಣ್ಣ ಕೇಳಿದರು.

“ಬಿಡಿ” ಎಂದೆ.

ಕೊಳವೆ ಬುಡಸಮೇತ ಕಿತ್ತು ಬಂತು. ಮೈಯೆಲ್ಲ ಬೆಂದು ಅವರು ನಾಲ್ಕು ದಿನ ಬದುಕಿದ್ದರು. ಕೊನೆಯವರೆಗೂ ನಿಮ್ಮನ್ನು ಸಂಶಯಿಸಲಿಲ್ಲ. “ನಾನೇ ಬೇಗ ಬಿಟ್ಟೆ ಕಾಣ್ತದೆ” ಎಂದರು.

ಆಮೇಲೆ ಹಳೆಯ ಕಡತದಲ್ಲಿ ನಿಮ್ಮ ಕರಡು ಸಿಕ್ಕಿತು. ನಿಮ್ಮ ಸಹಾಯಕಿ ರುಖಿಯಾ ಬಾನು, ಹಂಡೆಯ ದುಂಡು ಗೋಡೆಗೆ ಇರುವ ಸಿದ್ಧಸೂತ್ರ ಚಪ್ಪಟೆ ಮುಚ್ಚಳಕ್ಕೆ ಹೊಂದದೆಂದು ಬರೆದು, ಮುಚ್ಚಳವನ್ನು ಸಣ್ಣ ಸಣ್ಣ ತುಂಡುಗಳಾಗಿ ಭಾವಿಸಿ ಬೇರೆಯೇ ಲೆಕ್ಕ ಮಾಡಿದ್ದರು. ಕೊಳವೆ ಜಗ್ಗಿದಾಗ ಬೆಸುಗೆಯ ಬುಡದಲ್ಲಿ ಬೀಳುವ ಬಿಗುವು, ಉಕ್ಕಿಗೆ ಗೊತ್ತುಮಾಡಿದ ಮಿತಿಯ ಎರಡು ಪಟ್ಟಿತ್ತು. ಆ ಪುಟಕ್ಕೆ ಕಾಟು ಹೊಡೆದು ನಿಮ್ಮ ಅಕ್ಷರದಲ್ಲಿ ಬರೆದಿತ್ತು: “ಕೊಳವೆಯ ದಾರಿ ಬದಲಿಸಿದರೆ ತಡವಾಗುತ್ತದೆ. ಮುಚ್ಚಳ ದಪ್ಪವಿದೆ. ಇದನ್ನು ಕೈಬಿಡಿ.”

ತಿಳಿಯದೆ ತಪ್ಪಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಆ ದಪ್ಪ ಒಳಗಿನ ಒತ್ತಡಕ್ಕೆ ಮಾತ್ರ ಸಾಲುತ್ತದೆ, ಕೊಳವೆಯ ಜಗ್ಗಾಟಕ್ಕಲ್ಲ ಎಂದು ಆ ಪುಟ ಓದಿದ ನಿಮಗೆ ಗೊತ್ತಿತ್ತು. ನನ್ನ ಕಣ್ಣು ಕಂಡದ್ದನ್ನು ಬಿಟ್ಟು ನಿಮ್ಮನ್ನು ನಂಬಿದೆನಲ್ಲ, ಆ ಸಂಕಟ ನನ್ನದು.

ಹಂಡೆಗಳನ್ನೆಲ್ಲ ನಿಲ್ಲಿಸಿದೆವು. ಇನ್ನೂ ಆರು ಮುಚ್ಚಳಗಳಲ್ಲಿ ಅದೇ ಗೆರೆಯಿತ್ತು. ರುಖಿಯಾ ಅವರ ಲೆಕ್ಕ ಹಿಡಿದು ಕೊಳವೆಗಳಿಗೆ ಹಿಗ್ಗಲು ಬಾಗು ಕೊಟ್ಟು, ಆಧಾರ ಕಟ್ಟಿ, ಮುಚ್ಚಳ ಬದಲಿಸುವವರೆಗೆ ಊರು ಒಂದು ತಿಂಗಳು ದೋಣಿಯಲ್ಲಿ ತಂದ ನೀರು ಕುಡಿಯಿತು.

ನಿಮ್ಮ ಕ್ಷಮಾಪಣೆ ನನಗೆ ಬೇಡ. ಮೊನ್ನೆ ಬೀರಣ್ಣನವರ ಹೆಂಡತಿ ದೇವಿಯಕ್ಕ ಕೇಳಿದರು: “ಬರೆದವ್ರಿಗೆ ಗೊತ್ತಿತ್ತಾ?” ನಾನು ಮನೆಗೆ ಬಂದು ಈ ಕಾಗದಕ್ಕೆ ಕೂತೆ. ಅವರಿಗೆ ಏನು ಹೇಳಲಿ ಎಂದು ನೀವೇ ಬರೆದು ತಿಳಿಸಿ.

ಸುಗಂಧಿ ಮೇಸ್ತ