ಕಿವಿ ಮುಟ್ಟಿದ ಕೈ

೨ ಜೂನ್ ೨೦೦೩, ಸೋಮವಾರ. ಬೆಳಿಗ್ಗೆ ೬-೨೦

ಹಾಕಿ ಮೈದಾನದ ಟರ್ಫಿಗೆ ನೀರು ಬಿಟ್ಟಾಯಿತು. ಆರು ಹುಡುಗಿಯರು, ಆರು ಸ್ಟಿಕ್. ಸಂಪದಾಳ ಹೊಡೆತ ಬೆನ್ನು ತಿರುಗಿಸಿ ನಿಂತರೂ ಗೊತ್ತಾಗುತ್ತದೆ. ಗಟ್ಟಿ, ಖಚಿತ ಸದ್ದು. ರೇಣುಕಾಳ ಹೊಡೆತಕ್ಕೆ ಸದ್ದೇ ಇಲ್ಲ. ಚೆಂಡು ಹೋದಷ್ಟು ಹೋಗಿ ನಿಲ್ಲುತ್ತದೆ.

ಎರಡು ವರ್ಷದ ಹಿಂದೆ ಇಬ್ಬರನ್ನೂ ಒಂದೇ ದಿನ ಕ್ರೀಡಾ ಹಾಸ್ಟೆಲಿಗೆ ಆರಿಸಿದ ಕೋಚ್ ನಾನೇ. ರೇಣುಕಾಳಲ್ಲಿ ಕಂಡದ್ದು ತೋಳು. ನಿಂತರೆ ಬೆರಳು ಮಂಡಿಯ ಹತ್ತಿರ. ಹಾಕಿಗೇ ಹುಟ್ಟಿದವಳು ಅಂದುಕೊಂಡೆ. ಈಗಲೂ ತೋಳಷ್ಟೇ ಇದೆ... ಬಲ ಬಂದಿಲ್ಲ.

೪ ಜೂನ್

ಹೇಮಂತ ಬಂದಿದ್ದ. ಹಾಸ್ಟೆಲಿನ ಖರ್ಚು ನೋಡಿಕೊಳ್ಳುವ ಸಾಫ್ಟ್‌ವೇರ್ ಕಂಪನಿಯವನು. ಲ್ಯಾಪ್‌ಟಾಪಿನಲ್ಲಿ ಹುಡುಗಿಯರ ಎರಡು ವರ್ಷದ ಆಟದ ಅಂಕ, ಆರು ಬಣ್ಣದ ಆರು ಗೆರೆ.

"ಐದು ಏರ್‍ಯಾವ್ರಿ ಸರ್. ಹಸಿರು ನೋಡ್ರಿ, ಚಾದರ ಹೊತ್ತು ಮಲಗೇತಿ."

ಹಸಿರು ಅಂದರೆ ರೇಣುಕಾ.

"ಹದಿನೈದು ತುಂಬೇತಿ. ಇಷ್ಟರಾಗ ಏರಬೇಕಿತ್ತಲ್ರಿ? ತಿಂಗಳ ಕೊನಿಗೆ ಒಬ್ಬಾಕಿನ್ನ ಬಿಡಬೇಕು. ಹೆಸರು ನೀವೇ ಕೊಡ್ರಿ."

ಕೊಟ್ಟೆ. ಎರಡನೇ ಸಲ ಯೋಚಿಸದೆ ಸಹಿಯನ್ನೂ ಮಾಡಿದೆ. ಅದನ್ನೂ ಬರೆದಿಡಬೇಕು.

೮ ಜೂನ್, ಭಾನುವಾರ

ರೇಣುಕಾಳ ತಂದೆತಾಯಿಗೆ ಹೇಳಲು ಹೋದೆ. ಮೈದಾನದ ಆಚೆ ಏಳುತ್ತಿರುವ ಗಾಜಿನ ಕಟ್ಟಡದ ಕೂಲಿಯವರು. ಹಿಂದುಗಡೆ ತಗಡಿನ ಶೆಡ್ಡು. ತಾಯಿ ಗದಿಗೆಮ್ಮ ಬಟ್ಟೆ ಒಗೆಯುತ್ತಿದ್ದಳು.

"ಹೆಂಗ ಆಡಾಕತ್ತಾಳ್ರಿ ಸಾಹೇಬ್ರ? ಸಣ್ಣಾಕಿ ಅದಾಳ, ಬೈಬ್ಯಾಡ್ರಿ."

"ಹದಿನೈದು ಅಂದ್ರ ಸಣ್ಣದೇನ್ರಿ, ಗದಿಗೆಮ್ಮಾ?"

ನಕ್ಕಳು. "ಎಲ್ಲೀ ಹದಿನೈದ್ರಿ! ಹದಿಮೂರು. ಇಕಿ ಅಣ್ಣ ಮಲ್ಲ್ಯಾನ ಸಾಲಿಗೆ ಹಾಕಾಕ ಹೋದಾಗ ಇದೂ ಸೆರಗ ಹಿಡಕೊಂಡು ಬಂದಿತ್ತು. ಅಮರಯ್ಯ ಮಾಸ್ತರು ತಲಿ ಮ್ಯಾಲಿಂದ ಕೈ ಹಾಕಿ ಆ ಕಡಿ ಕಿವಿ ಮುಟ್ಟು ಅಂದ್ರು. ಮುಟ್ಟಿದ್ರ ಆರು ವರ್ಷ. ಮಲ್ಲ್ಯಾ ಬೆರಳ ತುದೀಲೆ ಮುಟ್ಟಿದ. ಇದು ನಾಕು ವರ್ಷದ್ದು, ಕಿವಿ ಪೂರಾ ಹಿಡದು ತಿರುವಿತ್ರಿ! ಇಬ್ಬರಿಗೂ ಆರು, ಜೂನ್ ಒಂದು ಅಂತ ಬರದ್ರು."

ಶೆಡ್ಡಿನ ಒಳಗಿಂದ ಗಂಡ ದ್ಯಾವಪ್ಪ: "ಕಾಗದದಾಗ ಅವಳಿ-ಜವಳಿ ಹಡದಾಳ್ರಿ ನಮ್ಮಾಕಿ. ನಡುವ ಎರಡು ವರ್ಷ ಸೂಟಿ!"

ನಾನೂ ನಕ್ಕೆ. ಆಮೇಲೆ ಬಂದ ಕಾರಣ ಹೇಳಿದೆ. ಗದಿಗೆಮ್ಮ ಹಿಂಡಿದ್ದ ಸೀರೆಯನ್ನೇ ಮತ್ತೆ ಹಿಂಡಿದಳು.

ಮಾಸ್ತರು ನೋಡಿದ್ದೂ ತೋಳು. ನಾನು ನೋಡಿದ್ದೂ ತೋಳು.

೨೧ ಜೂನ್

ರೇಣುಕಾಳ ವಯಸ್ಸು ತಿದ್ದಿ ಎಂದು ಬರೆದಿದ್ದಕ್ಕೆ ಶಾಲೆಯಿಂದ ಉತ್ತರ: ರಿಜಿಸ್ಟರ್ ತಿದ್ದಲು ಬರುವುದಿಲ್ಲ. ವಯಸ್ಸು ತಿಳಿಯಲು ತೆಗೆಸಿದ ಅವಳ ಮಣಿಕಟ್ಟಿನ ಎಕ್ಸ್‌ರೇ ನೋಡಿದ ಡಾಕ್ಟರು ಹದಿಮೂರು, ಹೆಚ್ಚೆಂದರೆ ಹದಿನಾಲ್ಕು ಅಂದರು. ಹೇಮಂತನಿಗೆ ಫೋನ್ ಮಾಡಿದೆ.

"ಎರಡು ವಯಸ್ಸಿಗೆ ಕಾಲಂ ಇಲ್ರಿ ಸರ್, ಒಂದೇ ಐತಿ. ಪಟ್ಟಿ ಮ್ಯಾಲೆ ಹೋಗಿಬಿಟ್ಟೇತಿ. ನಿಮ್ಮ ಸಹೀನೇ ಅಲ್ರಿ?"

ನನ್ನದೇ.

ರಾತ್ರಿ, ಲಿಂಗಂಪಲ್ಲಿಯ ನನ್ನ ಮನೆ. ಲೋಕಲ್ ರೈಲು ಬಂದಾಗ ಕಿಟಕಿ ಅದುರುತ್ತದೆ, ಉಳಿದಂತೆ ಸದ್ದಿಲ್ಲ. ಹದಿನಾರಕ್ಕೆ ನಾನು ಎಲ್ಲರಿಗಿಂತ ಮುಂದಿದ್ದೆ. ಹತ್ತೊಂಬತ್ತಕ್ಕೆ ನನ್ನ ಆಟ ಮುಗಿದಿತ್ತು. ಹಾಗಾಗುತ್ತದೆಂದು ಹದಿನಾರರಲ್ಲಿ ಯಾರಿಗೂ ಕಾಣಲಿಲ್ಲ. ಆಗ ಗೆರೆ ಹಾಕಿದ್ದರೆ ಏರುತ್ತಲೇ ಇರುತ್ತಿತ್ತು.

ಕನ್ನಡಿಯ ಮುಂದೆ ನಿಂತು ತಲೆಯ ಮೇಲಿಂದ ಕೈ ಹಾಕಿದೆ. ಮುಟ್ಟಿತು. ಐವತ್ತೊಂದು ವರ್ಷ. ನಗಲು ಹೆಂಡತಿ ಸುಮಂಗಲಾ ಇಲ್ಲ... ಅವಳು ಬಿಟ್ಟುಹೋಗಿ ಮೂರು ವರ್ಷ.

೩೦ ಜೂನ್

ಸ್ಟಿಕ್ ಹಾಸ್ಟೆಲಿನದು, ವಾಪಸ್ ಕೊಡಬೇಕು. ರೇಣುಕಾ ಅದನ್ನು ದುಪಟ್ಟಾದಿಂದ ಒರೆಸಿ ಮೂಲೆಯಲ್ಲಿ ಇಟ್ಟಳು.

"ಬರ್ತೀನ್ರಿ ಸರ್."

ನನ್ನ ಹಳೆಯ ಸ್ಟಿಕ್ ಕೊಟ್ಟೆ.

"ಉದ್ದ ಆತಲ್ರಿ."

"ಎರಡು ವರ್ಷ ಐತಿ ನಿನಗ. ನಾಳಿ ಐದೂವರಿಗೆ ಬಾ. ಉಳಿದವರು ಬರೂದ್ರೊಳಗ. ದಿನಾ."

ಸ್ಟಿಕ್ ಹೆಗಲಿಗೆ ಏರಿಸಿ ನೋಡಿದಳು.

"ಬರ್ತೀನ್ರಿ."

ಹೋಗುವಾಗ ಹೇಳುವ ಮಾತೂ ಅದೇ. ಬಾ ಎಂದವರಿಗೆ ಕೊಡುವ ಉತ್ತರವೂ ಅದೇ. ಯಾವುದೆಂದು ಕೇಳಬೇಕಿತ್ತು.

೧ ಜುಲೈ. ಬೆಳಿಗ್ಗೆ ೫-೪೦

ಗೇಟು ತೆರೆದು ಬೆಂಚಿನ ಮೇಲೆ ಕೂತಿದ್ದೇನೆ. ಟರ್ಫಿಗೆ ಇನ್ನೂ ನೀರು ಬಿಟ್ಟಿಲ್ಲ. ನನ್ನೊಬ್ಬನಿಗಾಗಿ ಬಿಡುವುದೇಕೆ.

ಶೆಡ್ಡಿನ ಕಡೆಯಿಂದ ಕೂಲಿಯವರ ಸಾಲು. ಬುಟ್ಟಿ, ಸಲಿಕೆ. ಸಾಲಿನ ಕೊನೆಯಲ್ಲಿ ಯಾರದೋ ಹೆಗಲಿನ ಮೇಲೆ ಉದ್ದನೆಯದೊಂದು. ಗುದ್ದಲಿ ಇರಬಹುದು. ಆದರೆ ತುದಿ ಬಾಗಿ—