ದಿಂಬಿನೊಳಗಿದ್ದ ನಿಘಂಟು

ಅತ್ತೆ,

ನಿಮಗೆ ನಾಚಿಕೆಯಾಗಬೇಕಿತ್ತು! ಇವತ್ತು ನಿಮ್ಮ ಹಾಸಿಗೆ ಸುತ್ತಿಡುವಾಗ ದಿಂಬಿನ ಚೀಲದೊಳಗೆ ನಿಘಂಟು ಸಿಕ್ಕಿತು. ನಾನೇ ರದ್ದಿಗೆ ಹಾಕಿದೆನೆಂದು ಮೂರು ವರ್ಷ ನನ್ನ ತಲೆ ತಿಂದಿರಲ್ಲ, ಅದೇ ನಿಘಂಟು. ಭಾನುವಾರದ ಪದಬಂಧದಲ್ಲಿ ನನ್ನನ್ನು ಸೋಲಿಸಿದ ಕಷ್ಟದ ಪದಗಳಿಗೆಲ್ಲ ನಿಮ್ಮ ಪೆನ್ಸಿಲ್ ಗೀಟು!

“ನಿಘಂಟು ನೋಡಿ ತುಂಬ್ಸೋದು ಕಳ್ಳತನ ಕಣೇ. ದೇವರು ತಲೆ ಕೊಟ್ಟಿರೋದು ಯಾತಕ್ಕೆ?” ಎಂದು ಹಂಗಿಸುತ್ತಿದ್ದಿರಿ. ನಾನೂ ಪೆದ್ದಿಯಂತೆ ನಂಬಿದೆ.

ನಿಮ್ಮ ಮಗನಿಗೆ ತೋರಿಸಿದರೆ, “ಪಾಪ, ನಿನ್ನ ಮುಂದೆ ಗೆಲ್ಲೋಕೆ ಅಮ್ಮ ಇಷ್ಟೊಂದು ಓದ್ಬೇಕಾಯ್ತಾ?” ಎಂದರು. ಅವರ ಮೇಲೂ ರೇಗಿದೆ.

ಇವತ್ತೂ ಭಾನುವಾರವೇ, ನೀವು ಕಣ್ಮುಚ್ಚಿದ ಮೇಲೆ ಮೊದಲನೆಯದು. ಒಂದೇ ಒಂದು ಪದ ಬಾಕಿಯಿದೆ, ನಿಘಂಟು ತೊಡೆಯ ಮೇಲಿದೆ, ಬೈಯಲು ಯಾರೂ ಇಲ್ಲ. ಹಾಳಾದ್ದು, ತೆರೆಯಲು ಕೈಯೇ ಬರುತ್ತಿಲ್ಲ.